ಹೂ ನೋಡಲು ಹೊರಡುವುದು

ನಮ್ಮ ಸೀಮೆಯಲ್ಲಿ ಸಂಸಾರವಂದಿಗನೊಬ್ಬನು ಹೆಂಡತಿ ಮಕ್ಕಳೊಡನೆ ಊರು ಬಿಟ್ಟು ಹೊರಡುವುದಕ್ಕೆ ಕೆಲವೇ ಕಾರಣಗಳು ಲೋಕಸಮ್ಮತವಾಗಿವೆ. ಮದುವೆಗೆ ಹೋಗಬಹುದು, ಮಣ್ಣಿಗೆ ಹೋಗಬಹುದು. ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ, ಗುರುವಾರಗಳಲ್ಲಿ ಮಂತ್ರಾಲಯಕ್ಕೆ ಹೋಗಬಹುದು. ಹತ್ತಿ ಮಾರಲೆಂದು ಆದೋನಿಗೆ, ವೈದ್ಯರನ್ನು ಕಾಣಲೆಂದು ಕರ್ನೂಲಿಗೋ ಬಳ್ಳಾರಿಗೋ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಇವುಗಳಲ್ಲಿ ಒಂದೂ ಇಲ್ಲದೆ, ಬುತ್ತಿ ಕಟ್ಟಿಕೊಂಡು, ವಯಸ್ಸಾದ ತಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು, 'ಹೂವು ನೋಡಿಕೊಂಡು ಬರುತ್ತೇವೆ' ಎಂದು ಹೊರಟವನನ್ನು ನೆರೆಹೊರೆಯವರು ಏನೆಂದು ತಿಳಿಯಬೇಕು? ಈ ಸಲದ ಮಾಘ ಮಾಸದಲ್ಲಿ ಈ ಪ್ರಶ್ನೆ ನನ್ನ ಪಾಲಿಗೆ ಬಂದಿತು. ಮೊದಲು ಅದನ್ನು ನಗೆಯ ಮಾತೆಂದು ತಳ್ಳಿಹಾಕಿದೆ. ದಿನ ಹೋದಂತೆ ಅದು ನಗೆಯ ಮಾತಲ್ಲವೆಂದು ತಿಳಿಯಿತು. ನನ್ನಂತೆಯೇ ಹಳ್ಳಿಯ ಶಾಲೆಗಳಲ್ಲಿ ಕನ್ನಡ ಕಲಿಸುತ್ತಿರುವ ಮಿತ್ರರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೂಲ ಹೀಗೆ. ಆದೋನಿಯ ಆಚೆಯ ಸಣ್ಣ ಊರೊಂದರವರಾದ ಸಹೋದ್ಯೋಗಿಗಳೊಬ್ಬರು ಒಂದು ಸಂಜೆ ಮಾತಿಗೆ ಮಾತು ಬಂದು, ತಮ್ಮೂರ ಗುಡ್ಡದ ಓರೆಯಲ್ಲಿ ನಲವತ್ತು ಐವತ್ತು ಮುತ್ತುಗದ ಮರಗಳು ಒಂದೇ ಕಡೆ ಬೆಳೆದಿರುವುದನ್ನೂ, ಶಿವರಾತ್ರಿ ಕಳೆಯಿತೆಂದರೆ ಅವು ಒಂದೆಲೆಯೂ ಇಲ್ಲದೆ ಅಡಿಯಿಂದ ತುದಿಯವರೆಗೆ ಕೆಂಪಾಗಿ ನಿಲ್ಲುವುದನ್ನೂ ವರ್ಣಿಸಿದರು. ಅಲ್ಲಿಯೇ ಆಡುತ್ತಿದ್ದ ನನ್ನ ಮಗ, 'ಅಪ್ಪ, ನಾವು ಹೋಗೋಣ' ಎಂದ. ಮಕ್ಕಳ ಮಾತಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವನ್ನೇ ಕೊಟ್ಟೆ: 'ನೋಡೋಣ.' ಈ 'ನೋಡೋಣ' ಎಂಬ ಮಾತಿನ ನಿಜವಾದ ಅರ್ಥ 'ನೋಡುವುದಿಲ್ಲ' ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತಿದೆ. ಅವನು ಬಿಡಲಿಲ್ಲ.

ಹೂವಿನೊಡನೆ ನಮ್ಮ ಜನದ ಸಂಬಂಧ ಎಂಥದು ಎಂದು ಆಗ ಯೋಚಿಸಿದೆ. ನಾವು ಹೂವನ್ನು ಮುಡಿಯುತ್ತೇವೆ, ದೇವರಿಗೆ ಏರಿಸುತ್ತೇವೆ, ಶವದ ಮೇಲೆ ಹಾಕುತ್ತೇವೆ, ಮೊಳದ ಲೆಕ್ಕದಲ್ಲಿ ಮಾರುತ್ತೇವೆ. ಉಗಾದಿಯ ದಿನ ಬೇವಿನ ಹೂವನ್ನು ಬೆಲ್ಲ, ಹುಣಸೆ, ಮಾವಿನಕಾಯಿ, ಪುಟಾಣಿಯೊಡನೆ ಕಲಸಿ ಕುಡಿದೇ ಬಿಡುತ್ತೇವೆ. ಹೊಸ ವರ್ಷದ ಮೊದಲ ಹೂವು ಕಣ್ಣಿಗಿಂತ ಮುಂಚೆ ನಾಲಗೆಗೆ ಬೀಳುವ ದೇಶ ನಮ್ಮದು! ಎಲ್ಲದರಲ್ಲಿಯೂ ಹೂವು ನಮ್ಮಲ್ಲಿಗೆ ಬರಬೇಕು. ನಾವು ಅದರ ಬಳಿಗೆ ಹೋಗುವ ವಾಡಿಕೆಯಿಲ್ಲ. ಮುತ್ತುಗಕ್ಕಂತೂ ಈ ಯಾವ ಉಪಚಾರವೂ ದೊರೆತುದಿಲ್ಲ. ಅದರ ಎಲೆ ಪತ್ರಾವಳಿಗೆ ಬೇಕು, ಕಡ್ಡಿ ಸಮಿತ್ತಿಗೆ ಬೇಕು, ದಳಗಳನ್ನು ಕುದಿಸಿದರೆ ಓಕುಳಿಯ ಬಣ್ಣವಾಗುತ್ತದೆ. ಆದರೆ ಹೂವನ್ನು ಹೂವಾಗಿ ಮೆಚ್ಚಿ ತುರುಬಿಗೆ ಇಟ್ಟವರು ನನಗೆ ಕಾಣಲಿಲ್ಲ. ಕಾರಣ, ಅದಕ್ಕೆ ಪರಿಮಳವಿಲ್ಲ. ವಿದ್ಯೆಯಿಲ್ಲದವನನ್ನು ಕಂಪಿಲ್ಲದ ಮುತ್ತುಗಕ್ಕೆ ಹೋಲಿಸುವ ಸಂಸ್ಕೃತ ಸುಭಾಷಿತವನ್ನು ನಾವು ಉಪಾಧ್ಯಾಯರು ವರ್ಷವರ್ಷವೂ ಹೇಳಿಕೊಡುತ್ತೇವೆ. ನಾನೂ ಹೇಳಿಕೊಟ್ಟಿದ್ದೇನೆ. ಆ ಮಾತಿಗೆ ಮುಂದೆ ಬರುತ್ತೇನೆ.

ಯೋಚನೆಯನ್ನು ಮನೆಯಲ್ಲಿ ಮುಂದಿಟ್ಟಾಗ ನನ್ನ ತಾಯಿಯವರು ಕೇಳಿದ ಮೊದಲ ಪ್ರಶ್ನೆ: 'ಅಲ್ಲೇನು ದೇವರೈತೇನಪ್ಪಾ?'

'ಇಲ್ಲವ್ವ, ಹೂವು ಅದಾವ.'

'ಹೂವಾದ್ರೆ ಸಂತ್ಯಾಗೇ ಸಿಗ್ತಾವಲ್ಲ!'

ಈ ಪ್ರಶ್ನೆಯನ್ನು ಹಳ್ಳಿಯ ಮುದುಕಿಯ ಮುಗ್ಧತೆ ಎಂದು ನಕ್ಕುಬಿಡುವವರು ಅದರ ತೂಕವನ್ನು ಅರಿಯರು. ಒಂದು ದಿನದ ದುಡಿಮೆಯನ್ನು ಬಿಟ್ಟು, ಹಣ ಖರ್ಚುಮಾಡಿ, ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೆ ಆ ಸ್ಥಳದಲ್ಲಿ ನಮಗಿಂತ ದೊಡ್ಡದಾದುದೇನಾದರೂ ಇರಬೇಕು ಎಂಬುದು ಅವರ ನಿಲುವು. ನಮ್ಮ ಆದೋನಿ ಮಂಡಲದಲ್ಲಿಯೇ ಸಂತೆಕೂಡ್ಲೂರು ಎಂಬ ಊರಿದೆ. ಅಲ್ಲಿ ಹೋಳಿಯ ಸಮಯದಲ್ಲಿ ಗಂಡಸರು ಸೀರೆಯುಟ್ಟು, ಒಡವೆ ತೊಟ್ಟು, ತಲೆಗೆ ಹೂ ಮುಡಿದು ರತಿ ಮನ್ಮಥರನ್ನು ಪೂಜಿಸುತ್ತಾರೆ. ವಸಂತನ ಗೆಳೆಯನೂ ಐದು ಹೂಗಳನ್ನೇ ಬಾಣವಾಗಿ ಉಳ್ಳವನೂ ಆದ ಮನ್ಮಥನ ಗುಡಿಯ ಮುಂದೆ ವಸಂತದಲ್ಲಿಯೇ ಜನ ನೆರೆಯುತ್ತಾರೆ. ಆದರೂ ಅವರೆಲ್ಲ ಹರಕೆ ಹೊತ್ತು ಬಂದವರು. ಮಗನಿಗೆ ಮದುವೆಯಾಗಲಿ, ಮಗು ಹುಟ್ಟಲಿ, ಬೆಳೆ ಬರಲಿ ಎಂದು ಬೇಡಲು ಬಂದವರು. ಹೂಬಾಣದ ದೇವರ ಬಳಿಗೂ ನಾವು ಬರಿಗೈಯಲ್ಲಿ, ಏನನ್ನೂ ಬೇಡದೆ, ಸುಮ್ಮನೆ ನೋಡಲೆಂದು ಹೋಗುವುದಿಲ್ಲ.

ಹಾಗಾದರೆ ಏನನ್ನೂ ಬೇಡದೆ ಬರಿದೇ ನೋಡಲು ಹೋಗುವುದು ಗೃಹಸ್ಥನಿಗೆ ಯೋಗ್ಯವಾದ ಕಾರ್ಯವೆ, ಅಥವಾ ಉಂಡು ಮಿಕ್ಕವರ ವಿಲಾಸವೆ? ಇದು ಮೊದಲ ಪ್ರಶ್ನೆ. ತಾಯಿಯವರೊಡನೆ ಒಂದು ಒಪ್ಪಂದವಾಯಿತು: ಮೊದಲು ಆದೋನಿಯ ರಣಮಂಡಲ ಆಂಜನೇಯನಿಗೆ ಕೈಮುಗಿದು, ಆಮೇಲೆ ಹೂವು. ಇದರಿಂದ ಪ್ರಯಾಣಕ್ಕೆ ಒಂದು ಮರ್ಯಾದೆ ಬಂದಿತು. ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಇನ್ನು ದಿನ ಗೊತ್ತುಮಾಡುವುದು. ಮನೆಯವರೆಲ್ಲ ಸೇರಿ ಉಗಾದಿಯ ರಜೆಯಲ್ಲಿ ಎಂದರು. ಸಹೋದ್ಯೋಗಿಗಳು, 'ಉಗಾದಿಗೆ ಬಂದರೆ ಬೋಳು ಮರ ನೋಡಿಕೊಂಡು ಹೋಗುತ್ತೀರಿ' ಎಂದು ಎಚ್ಚರಿಸಿದರು. ಶಿವರಾತ್ರಿಯ ದಿನ ತಾಯಿಯವರಿಗೆ ಉಪವಾಸ. ಅದರ ಮುಂದಿನ ಭಾನುವಾರ ನೆಂಟರಲ್ಲಿ ಹೆಸರಿಡುವ ಕಾರ್ಯ. ಹೋಳಿಯ ದಿನ ಬಣ್ಣದ ಗಲಾಟೆಯಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಧೈರ್ಯ ನನಗಿಲ್ಲ. ಉಳಿದುದು ಹೋಳಿಗೆ ಮುಂಚಿನ ಒಂದೇ ಭಾನುವಾರ. ಮರವು ಹೂಬಿಡುವುದು ಮೂರು ನಾಲ್ಕು ವಾರ. ಅದರೊಳಗೆ ಐದು ಜನರ ಸಂಸಾರಕ್ಕೆ ಬಿಡುವಾಗಿ ಸಿಕ್ಕುವುದು ಒಂದು ದಿನ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನಗಳಿವೆಯೆಂದು ಮಕ್ಕಳಿಗೆ ಕಲಿಸುವ ನನಗೆ ಆ ರಾತ್ರಿ ಪಂಚಾಂಗವನ್ನು ಮುಂದಿಟ್ಟುಕೊಂಡು ಕುಳಿತಾಗ ಅದು ಎಷ್ಟು ಬಡವಾದ ಸಂಖ್ಯೆಯೆಂದು ಅನಿಸಿತು.

ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಜನವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ನಡೆಯುವ ಹೂವಿನ ಪ್ರದರ್ಶನಕ್ಕೆ ಈ ತೊಡಕಿಲ್ಲ. ಅಲ್ಲಿ ದಿನ ಮೊದಲು ಗೊತ್ತಾಗುತ್ತದೆ. ಆ ದಿನಕ್ಕೆ ಅರಳುವಂತೆ ತೋಟಗಾರರು ಗಿಡಗಳನ್ನು ಬೆಳೆಸುತ್ತಾರೆ. ಕಾಡುಮರದಲ್ಲಿ ಇದು ತಿರುವುಮುರುವು: ದಿನವನ್ನು ಗೊತ್ತುಮಾಡುವುದು ಮರ, ರಜೆ ಹೊಂದಿಸಿಕೊಳ್ಳಬೇಕಾದವರು ನಾವು. ಜಪಾನು ದೇಶದವರು ಈ ವಿಷಯದಲ್ಲಿ ಬಹಳ ದೂರ ಹೋಗಿದ್ದಾರೆ. ಅಲ್ಲಿ ಚೆರ್ರಿ ಹೂವನ್ನು ನೋಡುವುದಕ್ಕೆಂದೇ ಸಂಸಾರ ಸಂಸಾರಗಳು ಬುತ್ತಿಯೊಡನೆ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂರುತ್ತವೆ. ಕ್ಯೋಟೋ ನಗರದಲ್ಲಿ ಹೂ ಅರಳಿದ ದಿನದ ದಾಖಲೆ ಕ್ರಿ.ಶ. 812ರಷ್ಟು ಹಿಂದಿನಿಂದ ದೊರೆಯುತ್ತದೆ. 1950ರ ದಶಕದಿಂದ 2009ರವರೆಗೆ ಅಲ್ಲಿಯ ಸರ್ಕಾರದ ಹವಾಮಾನ ಇಲಾಖೆಯೇ ಯಾವ ಊರಿನಲ್ಲಿ ಎಂದು ಹೂ ಬಿಡುವುದೆಂದು ಮುನ್ಸೂಚನೆ ಕೊಡುತ್ತಿತ್ತು. ಈಗ ಖಾಸಗಿ ಸಂಸ್ಥೆಗಳು ಆ ಕೆಲಸ ಮಾಡುತ್ತಿವೆ. ಗೊತ್ತುಮಾಡಿದ ಒಂದು ಮರದಲ್ಲಿ ಐದಾರು ಹೂಗಳು ಬಿರಿದರೆ ಸಾಕು, ಆ ಊರಿಗೆ ಹೂವು ಬಂತೆಂದು ಸಾರುತ್ತಾರೆ. ಇಷ್ಟೆಲ್ಲ ಎಚ್ಚರವಿದ್ದರೂ 2021ರಲ್ಲಿ ಕ್ಯೋಟೋದ ಹೂವು ಮಾರ್ಚ್ 26ರಂದೇ ತುಂಬಿ ಅರಳಿ, ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿಯೇ ಅತಿ ಮುಂಚಿನ ದಿನವಾಯಿತು. ಭೂಮಿ ಬಿಸಿಯಾಗುತ್ತಿರುವುದರ ಗುರುತು ಅದು ಎಂದು ವಿಜ್ಞಾನಿಗಳು ಹೇಳುತ್ತಾರೆ. ನೋಡುವುದು ಅಲ್ಲಿ ಒಂದು ಇಡೀ ಜನಾಂಗದ ಹಬ್ಬವಾಗಿದೆ. 'ಅಲ್ಲಿ ಯಾವ ದೇವರಿದೆ' ಎಂದು ಯಾರೂ ಕೇಳುವುದಿಲ್ಲ. ಹಾಗೆಂದು ಅವರು ನಮಗಿಂತ ಮೇಲು ಎಂದು ನಾನು ಹೇಳಲಾರೆ. ಅವರಿಗೆ ರೂಢಿಯಿದೆ, ನಮಗಿಲ್ಲ, ಅಷ್ಟೇ.

ನನ್ನ ಸ್ನೇಹಿತರಲ್ಲಿ ಇನ್ನೊಬ್ಬರು, ಸ್ವಲ್ಪ ವೇದಾಂತದ ಒಲವುಳ್ಳವರು, ಬೇರೊಂದು ಆಕ್ಷೇಪ ಎತ್ತಿದರು. 'ಸೊಬಗು ಅರಸದೆ ಸಿಕ್ಕಬೇಕು. ಮುಂಚಿತವಾಗಿ ದಿನ ಗೊತ್ತುಮಾಡಿ, ಬಸ್ಸಿನ ಹೊತ್ತು ನೋಡಿ, ರೊಟ್ಟಿ ಎಣಿಸಿಕೊಂಡು ಹೋದವನಿಗೆ ಕಾಣುವುದು ಅವನ ಎಣಿಕೆಯೇ ಹೊರತು ಹೂವಲ್ಲ' ಎಂದರು. ಕೇಳಲು ಚೆಂದವಾದ ಮಾತು. ಆದರೆ ವಿಚಾರ ಮಾಡಿದರೆ ಅದು ತೋಟವುಳ್ಳವನ ಮಾತು. ಬೇಕೆಂದಾಗ ಹೊರಗೆ ಅಡ್ಡಾಡುವ ಬಿಡುವಿರುವವನಿಗೆ ಸೊಬಗು ಅರಸದೆ ಸಿಕ್ಕೀತು. ವಾರಕ್ಕೆ ಆರು ದಿನ ಶಾಲೆ, ಏಳನೆಯ ದಿನ ಹಿಟ್ಟಿನ ಗಿರಣಿ, ಪಡಿತರದ ಅಂಗಡಿ ಎಂದು ತಿರುಗುವವನು ಲೆಕ್ಕ ಹಾಕದೆ ಹೋದರೆ ಎಂದೂ ಹೋಗುವುದಿಲ್ಲ. ಲೆಕ್ಕವೇ ಅವನ ಪ್ರೀತಿಯ ರೂಪ. ನನ್ನ ಮನೆಯಾಕೆ ಈ ಚರ್ಚೆಯನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: 'ಒಟ್ಟು ಎಷ್ಟು ಮಂದಿ? ರೊಟ್ಟಿ ಎಷ್ಟು ಬಡಿಯಲಿ?' ಆ ಪ್ರಶ್ನೆಯಲ್ಲಿ ನನ್ನ ಸ್ನೇಹಿತರ ವೇದಾಂತಕ್ಕಿಂತ ಹೆಚ್ಚಿನ ಒಲವು ಇತ್ತೆಂದು ನನ್ನ ನಂಬಿಕೆ. ಖರ್ಚಿನ ವಿಷಯದಲ್ಲಿ ಒಂದು ಅನುಕೂಲವೂ ಇತ್ತು. 2025ರ ಆಗಸ್ಟ್ 15ರಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನನಗೊಂದು ಪೂರ್ತಿ, ಮಗನಿಗೊಂದು ಅರ್ಧ; ತಾಯಿ, ಮನೆಯಾಕೆ, ಮಗಳು ಇವರೆಲ್ಲ ಸರ್ಕಾರದ ಅತಿಥಿಗಳು.

ಇಲ್ಲಿಯವರೆಗೆ ಹೇಳಿದುದು ಸುಲಭವಾದ ಭಾಗ. ಕಷ್ಟವಾದುದು ಇನ್ನು ಮುಂದೆ.

'ಸುಗ್ಗಿ' ಎಂಬ ಶಬ್ದವನ್ನು ವಾಚಕರು ಬಲ್ಲರು. ಹಳಗನ್ನಡದಲ್ಲಿ ಅದಕ್ಕೆ ವಸಂತಕಾಲವೆಂದು ಅರ್ಥ; ಹೊಸಗನ್ನಡದಲ್ಲಿ ಫಸಲನ್ನು ಒಕ್ಕುವ ಕಾಲವೆಂದು ಅರ್ಥ. ಎರಡೂ ಸಂತೋಷದ ಅರ್ಥಗಳೇ. ನಮ್ಮ ಕೌತಾಳಂ, ಕೋಸಿಗಿ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳಲ್ಲಿ ಈ ಶಬ್ದಕ್ಕೆ ಮೂರನೆಯ ಅರ್ಥವೊಂದು ಹುಟ್ಟಿಕೊಂಡಿದೆ. 'ಅವರು ಸುಗ್ಗಿಗೆ ಹೋದರು' ಎಂದರೆ ಮನೆಗೆ ಬೀಗ ಹಾಕಿಕೊಂಡು, ಪಾತ್ರೆ, ಹಾಸಿಗೆ, ಮಕ್ಕಳನ್ನು ಗಾಡಿಗೆ ಹೇರಿಕೊಂಡು, ಗುಂಟೂರು ಸೀಮೆಯ ಕಡೆ ಪರರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಹೋದರು ಎಂದು ಅರ್ಥ. ಕನ್ನಡವನ್ನಾಡುವವರೂ ತೆಲುಗನ್ನಾಡುವವರೂ ಇದಕ್ಕೆ ಒಂದೇ ಮಾತನ್ನು ಬಳಸುತ್ತಾರೆ. ಮಳೆ ನಂಬಿದ ಎರೆಹೊಲದಲ್ಲಿ ಹತ್ತಿಯನ್ನು ಬಿಡಿಸಿ ಮುಗಿಸಿದ ಮೇಲೆ ಇಲ್ಲಿ ಕೂಲಿಯಿರುವುದಿಲ್ಲ. ತುಂಗಭದ್ರೆಯ ಕಾಲುವೆಯ ನೀರು ಎಲ್ಲರ ಹೊಲಕ್ಕೂ ಹತ್ತುವುದಿಲ್ಲ. ಆದ್ದರಿಂದ ಓಣಿಗೆ ಓಣಿಯೇ ಖಾಲಿಯಾಗುತ್ತದೆ. ಉಗಾದಿಗೆ ಹಿಂದಿರುಗುತ್ತಾರೆ. ಮಕ್ಕಳು ಶಾಲೆ ಬಿಡಬಾರದೆಂದು ಸರ್ಕಾರ ಈ ತಿಂಗಳುಗಳಿಗೆ ಮಾತ್ರ ವಸತಿ ನಿಲಯಗಳನ್ನು ತೆರೆಯುವುದುಂಟು. ಅಜ್ಜ ಅಜ್ಜಿಯರ ಬಳಿ ಉಳಿಯುವ ಮಕ್ಕಳೂ ಉಂಟು. ಆದರೂ ಈ ಸಮಯದಲ್ಲಿ ಹಾಜರಿ ಪುಸ್ತಕ ತೆರೆದು ಹೆಸರು ಕೂಗುವಾಗ ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಬರುವ ಮೌನವನ್ನು ನಮ್ಮ ಕಡೆಯ ಉಪಾಧ್ಯಾಯರೆಲ್ಲ ಬಲ್ಲರು.

ಆ ತಿಂಗಳುಗಳೇ ಮುತ್ತುಗ ಹೂಬಿಡುವ ತಿಂಗಳುಗಳು. ಅಲ್ಲಿ ಮೆಣಸಿನಕಾಯಿ ಕೆಂಪಾಗುವಾಗ ಇಲ್ಲಿ ಮರ ಕೆಂಪಾಗುತ್ತದೆ. ನನ್ನ ಶಾಲೆಯ ಅರ್ಧ ಮಕ್ಕಳ ತಂದೆತಾಯಿಗಳು ಆ ಕೆಂಪಿನೊಳಗೆ ಬಗ್ಗಿ ನಿಂತಿರುವ ಹೊತ್ತಿನಲ್ಲಿ ನಾನು ಈ ಕೆಂಪನ್ನು ನೋಡಿ ಆನಂದಿಸಲು ಬಸ್ಸು ಹತ್ತಬಹುದೆ? ಈ ಪ್ರಶ್ನೆಯನ್ನು ನನಗೆ ಹಾಕಿದವರು ಯಾರೂ ಇಲ್ಲ. ಅದಕ್ಕೆ ಕಾರಣ ಕಳೆದ ವರ್ಷದ ಒಂದು ನೋಟುಪುಸ್ತಕ.

ಕಳೆದ ವರ್ಷ ಉಗಾದಿಗೆ ಮುಂಚೆ ನನ್ನ ತರಗತಿಯ ಹುಡುಗಿಯೊಬ್ಬಳು ಸುಗ್ಗಿಯಿಂದ ಹಿಂದಿರುಗಿದಳು. ನಮ್ಮ ಓಣಿಯವಳೇ. ಅಂದು 'ವಸಂತ ಋತು' ಎಂಬ ವಿಷಯದ ಮೇಲೆ ಪ್ರಬಂಧ ಬರೆಸುತ್ತಿದ್ದೆ. ಈ ಪ್ರಬಂಧ ಹೇಗಿರುತ್ತದೆಂದು ನಮಗೆಲ್ಲ ಗೊತ್ತು: ಕೋಗಿಲೆ ಹಾಡುತ್ತದೆ, ಮಲ್ಲಿಗೆ ಅರಳುತ್ತದೆ, ಮಾವು ಚಿಗುರುತ್ತದೆ, ತಂಗಾಳಿ ಬೀಸುತ್ತದೆ. ಕೌತಾಳದ ಎರೆಹೊಲ ಬಿರುಕು ಬಿಟ್ಟು ಕಾದು ನಿಂತಿರುವಾಗ ತಂಗಾಳಿ ಎಲ್ಲಿಂದ ಬರಬೇಕು? ಆದರೆ ಮೂವತ್ತು ಪುಸ್ತಕಗಳಲ್ಲಿಯೂ ಅದು ಬೀಸಿತ್ತು, ಬೀಸಿಸಿದವನು ನಾನೇ. ಈ ಹುಡುಗಿ ಪಾಠಕ್ಕೆ ಇರಲಿಲ್ಲವಾದ್ದರಿಂದ ಅವಳಿಗೆ ಕೋಗಿಲೆಯ ವಿಷಯ ತಿಳಿದಿರಲಿಲ್ಲ. ಅವಳು ಹೀಗೆ ಬರೆದಿದ್ದಳು. ಗುಂಟೂರಿನಿಂದ ಬರುವಾಗ ದೋರ್ನಾಲ ದಾಟಿದ ಮೇಲೆ ಕಾಡು ಬಂತು. ಬೆಳಗಾಗಿತ್ತು. 'ಗಿಡದ ಮ್ಯಾಲೆ ಮೆಣಸಿನಕಾಯಿ ಒಣಾಕಿದಂಗ ಕಂಡ್ತು. ಹೂವು ಅಂತ ಆಮ್ಯಾಲೆ ಗೊತ್ತಾತು. ಎಲ್ಲಾರೂ ಮಲಗಿದ್ರು. ನಿಲ್ಸು ಅಂದ್ರೆ ಗಾಡಿ ನಿಲ್ಸಲ್ಲ, ಅದಕ್ಕೆ ನಾನು ಅನ್ನಲಿಲ್ಲ.'

ಕಾಗುಣಿತ ತಿದ್ದಲೆಂದು ಕೆಂಪು ಶಾಯಿಯ ಪೆನ್ನು ತೆಗೆದವನು ಹಾಗೆಯೇ ಕುಳಿತೆ. ಕಂಪಿಲ್ಲದ ಮುತ್ತುಗದ ಸುಭಾಷಿತವನ್ನು ಅದೇ ವಾರ ಹೇಳಿಕೊಡಬೇಕಾಗಿತ್ತು. ಶಾಲೆ ಬಿಟ್ಟು ಸುಗ್ಗಿಗೆ ಹೋಗಿ ಬಂದ ಆ ಮಗುವಿನ ಮುಂದೆ ಅದನ್ನು ಹೇಳಲು ನಾಲಗೆ ಏಳಲಿಲ್ಲ. ಆ ವರ್ಷ ಬಿಟ್ಟುಬಿಟ್ಟೆ.

ನನ್ನ ಮನಸ್ಸಿನಲ್ಲಿ ಅಲ್ಲಿಯವರೆಗೆ ಒಂದು ಗುಪ್ತವಾದ ಗರ್ವವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಹೂವನ್ನು ನೋಡಿ ಸಂತೋಷಪಡುವುದು ಓದುಬರಹದಿಂದ ಬರುವ ಸಂಸ್ಕಾರ, ಹೊಟ್ಟೆಪಾಡಿನವರಿಗೆ ಅದರ ಗೊಡವೆಯಿಲ್ಲ ಎಂದು ನಾನೂ ತಿಳಿದಿದ್ದೆ. ಹಸಿದವನಿಗೆ ಹೂವೇಕೆ ಎಂದು ನಾವು ಕೇಳುವುದುಂಟು. ಕೇಳುವವನು ಸಾಮಾನ್ಯವಾಗಿ ಉಂಡವನು. ಆ ಮಾತು ಕರುಣೆಯಂತೆ ತೋರುತ್ತದೆ. ಅದರ ಒಳಗಿರುವುದು ತಾತ್ಸಾರ. ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1790ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಪ್ರಯೋಜನದ ಯೋಚನೆಯಿಲ್ಲದೆ ಮೆಚ್ಚುವುದೇ ಶುದ್ಧವಾದ ಸೌಂದರ್ಯಾನುಭವವೆಂದು ವಿವರಿಸಿ, ಹೂವನ್ನೇ ಅದಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾನೆ. ಹೂವು ಗಿಡದ ಸಂತಾನದ ಅಂಗವೆಂದು ಬಲ್ಲ ಸಸ್ಯಶಾಸ್ತ್ರಜ್ಞನು ಕೂಡ ಅದರ ಚೆಲುವನ್ನು ಅಳೆಯುವಾಗ ಆ ಪ್ರಯೋಜನವನ್ನು ಗಣಿಸುವುದಿಲ್ಲವೆಂದು ಅವನ ವಾದ. ದೊಡ್ಡವರ ಮಾತು, ಅಲ್ಲಗಳೆಯುವ ಯೋಗ್ಯತೆ ನನಗಿಲ್ಲ. ಆದರೆ ಈ ಹುಡುಗಿ ಮೆಣಸಿನಕಾಯಿಯನ್ನು ಮರೆತು ಹೂವನ್ನು ನೋಡಲಿಲ್ಲ. ಎರಡು ತಿಂಗಳು ಉರಿಯುವ ಬೆರಳುಗಳಿಂದ ಬಿಡಿಸಿದ ಮೆಣಸಿನಕಾಯಿಯ ಮೂಲಕವೇ ಅವಳಿಗೆ ಹೂವು ಕಂಡಿತು. ಆದರೂ ಅವಳು ಅದನ್ನು ಬೇಡಲಿಲ್ಲ, ಕೀಳಲಿಲ್ಲ, ಮಾರುವ ಯೋಚನೆ ಮಾಡಲಿಲ್ಲ. ನಿಂತು ನೋಡಬೇಕೆಂದಷ್ಟೇ ಆಸೆಪಟ್ಟಳು. ದುಡಿಮೆಯನ್ನು ಮರೆಯಬಲ್ಲವರಿಗೆ ಮಾತ್ರ ಸೊಬಗು ಮೀಸಲು ಎಂಬುದನ್ನು ಆ ನಾಲ್ಕು ಸಾಲು ಓದಿದ ಮೇಲೆ ನಾನು ನಂಬಲಾರೆ.

ಹಾಗಾದರೆ ನನಗೂ ಅವಳಿಗೂ ಇರುವ ಅಂತರವೇನು? ಕಣ್ಣಿನಲ್ಲಿಲ್ಲ, ಮನಸ್ಸಿನಲ್ಲಿಲ್ಲ. ಅವಳು ಕಂಡಳು, ಆದರೆ ನಿಲ್ಲಲಾರದೆ ಹೋದಳು. ನಾನು ನಿಲ್ಲಬಲ್ಲೆ. ಅಂತರವಿರುವುದು ಗಾಡಿಯನ್ನು ನಿಲ್ಲಿಸು ಎಂದು ಹೇಳಬಲ್ಲ ಅಧಿಕಾರದಲ್ಲಿ. ನಾನು ಪಂಚಾಂಗ ನೋಡಿ, ಬಸ್ಸಿನ ಹೊತ್ತು ವಿಚಾರಿಸಿ, ರೊಟ್ಟಿ ಎಣಿಸಿ ಇಷ್ಟೆಲ್ಲ ಏರ್ಪಾಡು ಮಾಡುತ್ತಿದ್ದುದು ಒಂದು ದಿನದ ಮಟ್ಟಿಗೆ ನಿಲ್ಲುವ ಅಧಿಕಾರವನ್ನು ಕೊಂಡುಕೊಳ್ಳಲೆಂದೇ. ಸಂಬಳ ತರುವವನಿಗೆ ಅದು ಒಂದು ಭಾನುವಾರದ ಬೆಲೆಗೆ ಸಿಕ್ಕುತ್ತದೆ. ಬಿಡಿಸಿದ ಕಾಯಿಯ ತೂಕದ ಮೇಲೆ ಕೂಲಿ ಪಡೆಯುವವರಿಗೆ ಸಿಕ್ಕುವುದಿಲ್ಲ.

ಇದನ್ನು ಅರಿತ ಮೇಲೆ ಹೋಗದಿರುವುದೇ ಧರ್ಮವೆ? ಎರಡು ದಿನ ಹಾಗೆಯೇ ಅಂದುಕೊಂಡೆ. ಮಗನಿಗೆ 'ಮುಂದಿನ ವರ್ಷ' ಎಂದೂ ಹೇಳಿದೆ. ಆಮೇಲೆ ಆ ತ್ಯಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ನಾನು ಮನೆಯಲ್ಲಿ ಕುಳಿತರೆ ಗುಂಟೂರಿನಲ್ಲಿರುವ ಯಾರ ಬೆನ್ನೂ ನೇರವಾಗುವುದಿಲ್ಲ. ಭಾನುವಾರ ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗುತ್ತೇನೆ. ನಿದ್ರೆಗೆ ಬಾರದ ಸಂಕೋಚ ಹೂವಿಗೆ ಮಾತ್ರ ಏಕೆ ಬರಬೇಕು? ಹೊಸ ಬಟ್ಟೆ ಕೊಂಡಾಗ, ಹೋಳಿಗೆ ಉಂಡಾಗ ಬಾರದ ಧರ್ಮಸೂಕ್ಷ್ಮ ಖರ್ಚಿಲ್ಲದ ಒಂದು ನೋಟದ ಮುಂದೆ ಎದ್ದು ನಿಲ್ಲುವುದೆಂದರೆ ಅದರಲ್ಲಿ ಏನೋ ಮೋಸವಿದೆ. ಮಗನ ಸಂತೋಷವನ್ನು ತೆಗೆದು ನನ್ನ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುವ ಅಗ್ಗದ ವ್ಯಾಪಾರ ಅದು. ಹೋಗುವುದು ತಪ್ಪಲ್ಲ ಎಂಬುದಕ್ಕೆ ಬಂದೆ. ಹೋಗಿ ಬಂದು, ನಾನು ಸೌಂದರ್ಯವನ್ನು ಬಲ್ಲವನೆಂದು ಎದೆಯುಬ್ಬಿಸಿಕೊಂಡರೆ ಅದು ತಪ್ಪು. ನಿಲ್ಲುವ ಅಧಿಕಾರ ನನ್ನ ಗುಣದಿಂದ ಬಂದುದೆಂದು ತಿಳಿದರೆ ಅದು ಇನ್ನೂ ದೊಡ್ಡ ತಪ್ಪು.

ಈ ವರ್ಷ ಆ ಹುಡುಗಿಯ ತಂದೆತಾಯಿಗಳು ಅವಳನ್ನು ಅಜ್ಜಿಯ ಬಳಿ ಬಿಟ್ಟು ಹೋಗಿದ್ದರು. ಅವಳನ್ನು ಕರೆದುಕೊಂಡು ಹೋಗೋಣವೆಂದು ಸೂಚಿಸಿದವಳು ನನ್ನ ಮನೆಯಾಕೆ. ಇದನ್ನೂ ನಾನು ಸುಲಭವಾಗಿ ಒಪ್ಪಲಿಲ್ಲ. ಓಣಿಯಲ್ಲಿ ಇಂತಹ ಮಕ್ಕಳು ಹತ್ತಾರು. ಒಬ್ಬಳನ್ನು ಆರಿಸಿಕೊಂಡು ಉಳಿದವರನ್ನು ಬಿಡುವುದು ನ್ಯಾಯವೆ? ಅವಳಿಗಾಗಿ ಕರೆದೊಯ್ಯುತ್ತಿದ್ದೇವೆಯೋ, ನನ್ನ ಮನಸ್ಸಿನ ಮುಳ್ಳನ್ನು ತೆಗೆಯಲೆಂದೋ? ಮನೆಯಾಕೆ, 'ಹತ್ತು ಮಂದಿಗೆ ರೊಟ್ಟಿ ಬಡಿಯೋ ಶಕ್ತಿ ನನಗಿಲ್ಲ, ಒಬ್ಬಳಿಗೆ ಐತಿ' ಎಂದಳು. ತರ್ಕವಾಗಿ ನೋಡಿದರೆ ಇದು ಉತ್ತರವಲ್ಲ. ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೂ ಹೊಳೆದಿಲ್ಲ. ಅಜ್ಜಿಯನ್ನು ಕೇಳಲು ಹೋದಾಗ ಆಕೆಯೂ ನನ್ನ ತಾಯಿಯ ಪ್ರಶ್ನೆಯನ್ನೇ ಕೇಳಿದಳು. 'ರಣಮಂಡಲ ಆಂಜನೇಯ' ಎಂದೆ. 'ಹಂಗಾದ್ರೆ ಹೋಗಿ ಬರಲಿ ಸಾರ್' ಎಂದಳು. ದೇವರು ಆಗಲೂ ನನ್ನನ್ನು ಕಾಪಾಡಿದ.

ಆ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಆದೋನಿಯಲ್ಲಿ ಉಗ್ಗಾಣಿ ಮಿರ್ಚಿ ತಿಂದು, ಬೆಟ್ಟದ ಮೆಟ್ಟಿಲನ್ನು ಹತ್ತಲಾರದ ತಾಯಿಯವರು ಕೆಳಗಿನಿಂದಲೇ ಆಂಜನೇಯನಿಗೆ ಕೈಮುಗಿದು, ಅಲ್ಲಿಂದ ಆಟೋ ಹಿಡಿದು, ಆಟೋ ನಿಂತಲ್ಲಿಂದ ಅರ್ಧ ಹರದಾರಿ ನಡೆದು ಗುಡ್ಡದ ಓರೆಯನ್ನು ಸೇರುವಾಗ ಹತ್ತೂವರೆ ಗಂಟೆ. ನಾವು ಒಂದು ವಾರ ತಡವಾಗಿದ್ದೆವು. ಅರ್ಧ ಹೂವು ನೆಲಕ್ಕೆ ಬಿದ್ದಿತ್ತು. ಮೇಲೆ ಉಳಿದಿದ್ದ ಹೂವಿನಲ್ಲಿ ಗೊರವಂಕಗಳು ಕೊಕ್ಕನ್ನಿಟ್ಟು ಜಗಳವಾಡುತ್ತಿದ್ದವು. ಬಗ್ಗಿದ ಗಿಳಿಮೂಗಿನಂತಹ ಆ ಎಸಳನ್ನು ಕೈಯಲ್ಲಿ ಹಿಡಿದಾಗ, 'ಇದು ಗಿಳಿಯೇ?' ಎಂಬ ಅರ್ಥ ಬರುವಂತೆ ಅದಕ್ಕೆ 'ಕಿಂಶುಕ' ಎಂದು ಹೆಸರಿಟ್ಟವನ ಮೇಲೆ ಮೆಚ್ಚಿಕೆಯಾಯಿತು. ಮರದಿಂದ ಕೀಳಬಾರದು, ಬಿದ್ದುದನ್ನು ಆರಿಸಿಕೊಳ್ಳಬಹುದೆಂದು ಮಕ್ಕಳಿಗೆ ಹೇಳಿದೆ. ಮಗ ನೋಡಿದ್ದು ಐದು ನಿಮಿಷ. ಆಮೇಲೆ ಓತಿಕೇತದ ಹಿಂದೆ ಹೋದ. ಇಷ್ಟು ದಿನ ಕಾಡಿದವನು ಇವನೇ ಎಂದು ನಗು ಬಂದಿತು. ತಾಯಿಯವರು ನೆರಳಿಲ್ಲದ ಆ ಬೋಳು ಮರವನ್ನು ಬುಡದಿಂದ ತುದಿಯವರೆಗೆ ನೋಡಿ, 'ಎಲೆ ಬಂದ ಮ್ಯಾಲೆ ಬರಬೇಕಿತ್ತಪ್ಪಾ, ಪತ್ರಾವಳಿಗಾದ್ರೂ ಆಗ್ತಿತ್ತು' ಎಂದರು. ಆದರೆ ಎದ್ದು ಹೋಗಲಿಲ್ಲ. ಪಕ್ಕದ ಬೇವಿನ ನೆರಳಿನಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು.

ಹುಡುಗಿ ಮಾತ್ರ ಬಹಳ ಹೊತ್ತು ಒಂದೇ ಮರದ ಕೆಳಗಿದ್ದಳು. ಲಂಗದ ಮಡಿಲಲ್ಲಿ ಬಿದ್ದ ಹೂಗಳನ್ನು ತುಂಬಿಕೊಂಡು ಬಂದು, ಉಗಾದಿಗೆ ಅವ್ವ ಬರುವತನಕ ಇವು ಇರುತ್ತವೆಯೇ ಎಂದು ಕೇಳಿದಳು. ಬಣ್ಣ ಕಪ್ಪಾಗುತ್ತದೆ, ಪುಸ್ತಕದ ನಡುವೆ ಒತ್ತಿಟ್ಟರೆ ಆಕಾರ ಉಳಿಯುತ್ತದೆ ಎಂದೆ. ಸ್ವಲ್ಪ ಯೋಚಿಸಿ, ಎರಡೇ ಹೂಗಳನ್ನು ಇಟ್ಟುಕೊಂಡು ಉಳಿದವನ್ನು ಮರದ ಬುಡಕ್ಕೆ ಸುರಿದಳು. ರೊಟ್ಟಿ, ಶೇಂಗಾಪುಡಿ, ಮೊಸರನ್ನದ ಬುತ್ತಿ ಬಿಚ್ಚಿ ಉಂಡೆವು. ಬಿಸಿಲು ಏರಿತ್ತು. ಕೈತೊಳೆದ ಮೇಲೆ ಅವಳು ಮತ್ತೆ ನನ್ನ ಬಳಿಗೆ ಬಂದಳು.

'ಸಾರ್, ಇನ್ನಾ ಎಷ್ಟೊತ್ತು ನಿಲ್ಲಬಹುದು?'

ಆದೋನಿಯಿಂದ ಕೌತಾಳಕ್ಕೆ ಬಸ್ಸು ಐದೂವರೆಗೆ, ಆಟೋ ನಾಲ್ಕಕ್ಕೆ ಬರುತ್ತದೆ ಎಂದು ಹೇಳಿದೆ. ಗಡಿಯಾರ ನೋಡಿದೆ. ಒಂದು ಗಂಟೆಯಾಗಿತ್ತು.